ಗಟ್ಟಿ ಜನರ ಕೆಮ್ಮು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಅಂದು ಆರೋಗ್ಯ ಶಿಬಿರವಿತ್ತು. ಎಸಿ ಕೋಣೆಯಲ್ಲಿ ಕೂತು ಕೆಲಸ ಮಾಡುವ ನನ್ನ ನೆಗಡಿಯನ್ನು ವೈದ್ಯರು ಗಂಭೀರವಾಗಿ ಆಲಿಸಿ ಎಕ್ಸ್‌ರೇಗೆ ಬರೆದರು. ನನ್ನ ಹಿಂದೆ ಲೋಹ ಉಜ್ಜುವ ಶೆಡ್ಡಿನ ಲಂಬಾಣಿ ಹೆಂಗಸು ನಿಂತಿದ್ದಳು. ತಿಂಗಳುಗಟ್ಟಲೆಯಿಂದ ಕೆಮ್ಮುತ್ತಿದ್ದವಳು ಈಚೆಗೆ ಮಾತಿನ ನಡುವೆಯೂ ಉಸಿರಿಗಾಗಿ ನಿಲ್ಲುತ್ತಿದ್ದಳು. ವೈದ್ಯರು ಅವಳ ತಾಂಡಾ ಯಾವುದೆಂದು ಕೇಳಿ, ಸ್ಟೆತಾಸ್ಕೋಪನ್ನು ಕೊರಳಿನಿಂದ ತೆಗೆಯದೆಯೇ ನಕ್ಕರು.

“ನಿಮ್ ಜನ ಕಲ್ಲು ತಿಂದು ಅರಗಿಸ್ಕೊಳ್ಳೋರಮ್ಮ, ಧೂಳು ಏನ್ಮಾಡುತ್ತೆ?”

“ಹಂಗಾರ ಈ ಕೆಮ್ಮು ಯಾರದ್ರೀ ಸಾಹೇಬ್ರ?”

ಎಲ್ಲರೂ ನಕ್ಕರು. ಅವಳಿಗೂ ಎಕ್ಸ್‌ರೇ ಬರೆಯಬಹುದಲ್ಲವೇ ಎಂದು ನಾನು ಕೇಳಿದೆ.

“ಸುಮ್ನೆ ಹೆದರ್ಕೋತಾರೆ ಬಿಡಿ ಮೇಡಂ,” ಎಂದು ವೈದ್ಯರು ಅವಳಿಗೆ ಸಿರಪ್ ಕೊಟ್ಟರು.

ನನ್ನ ಶ್ವಾಸಕೋಶ ನಿಷ್ಕಳಂಕವೆಂದು ವರದಿ ಬಂದ ದಿನ, ಅವಳು ಶೆಡ್ಡಿನ ಬಾಗಿಲಲ್ಲಿ ಮೊಣಕಾಲಿಗೆ ಕೈಯೂರಿ ಬಾಗಿ ನಿಂತು, ಒಂದು ಉಸಿರಿಗಾಗಿ ಕಾಯುತ್ತಿದ್ದಳು.