ಖಾಲಿ ಜಾಗದ ಹುಡುಗಿ

ವರ್ನ್ ಟಾಲೆಫ್ಸನ್ ಹತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ. ಆ ಹತ್ತು ವರ್ಷದಲ್ಲಿ ಅವನು ತಾನಾಗಿ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೂ ನಾನು ಒಂದು ಬೆಳಿಗ್ಗೆ ಫೋನಿನಲ್ಲಿ ಆಡುವಷ್ಟು ಆಗುವುದಿಲ್ಲ. ನನ್ನದು ವೆಬ್‌ಸೈಟುಗಳಲ್ಲಿ ಜಾಹೀರಾತಿನ ಜಾಗ ಮಾರುವ ಕೆಲಸ, ಬಾಯಿಯೇ ಬಂಡವಾಳ. ನಾನು ಮಾರಿದ್ದನ್ನು ಸರಿಯಾದ ಪುಟದ ಸರಿಯಾದ ಮೂಲೆಯಲ್ಲಿ ಕೂರಿಸುವುದು ಅವನ ಕೆಲಸ. ಸಿಯಾಟಲ್‌ನ ಪಯನಿಯರ್ ಸ್ಕ್ವೇರಿನಲ್ಲಿ, ಜಮಖಾನೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಲ್ಯಾಂಟರ್ನ್ ರೋ ಕಂಪನಿ. ಮೂವತ್ತೊಂದು ಜನಕ್ಕೆ ಒಂದು ಕಾಫಿ ಯಂತ್ರ, ಅದೂ ಸೋರುತ್ತಿತ್ತು.

ಯಾರೂ ಕೊಳ್ಳದ ಜಾಗವನ್ನು ನಾವು ಬೋಳು ಬಿಡುತ್ತಿರಲಿಲ್ಲ. ನಮ್ಮದೇ ಒಂದು ಚಿತ್ರ ಹಾಕುತ್ತಿದ್ದೆವು. ಹಳದಿ ರೇನ್‌ಕೋಟಿನ ಒಂಬತ್ತು ವರ್ಷದ ಹುಡುಗಿ ಎರಡೂ ಕೈ ಎತ್ತಿ ಬಿಳಿ ರಟ್ಟು ಹಿಡಿದಿದ್ದಾಳೆ, ರಟ್ಟಿನ ಮೇಲೆ ‘ಈ ಜಾಗ ಖಾಲಿ ಇದೆ’ ಎಂದು ಬರೆದಿದೆ. ಅವಳು ವರ್ನ್‌ನ ಮಗಳು ಬ್ರಿಟಾ. ೧೯೯೮ರ ಒಂದು ಶನಿವಾರ ಫೆರಿ ಕಟ್ಟೆಯ ಮೇಲೆ ಅವನೇ ತೆಗೆದ ಚಿತ್ರ. ಕೊಡೆ ಹಿಡಿದು ನಿಂತವಳು ನಾನು.

“ಅಪ್ಪಾ, ಕೈ ನೋಯ್ತಿದೆ,” ಅಂದಿತು ಮಗು.

“ಒಂದೇ ನಿಮಿಷ ಪುಟ್ಟಿ, ಸ್ವಲ್ಪ ಬೆಳಕು ಬರ್ಲಿ.”

ವರ್ಷದ ಮುಕ್ಕಾಲು ಪಾಲು ಮೋಡ ಕವಿದ ಸಿಯಾಟಲ್‌ನಲ್ಲಿ ನಿಂತು ಬೆಳಕು ಬರಲಿ ಅನ್ನುವವನಿಗೆ ಏನು ಹೇಳೋಣ! ಮುಕ್ಕಾಲು ಗಂಟೆ ನಿಲ್ಲಿಸಿದ. ನಾನೂ ಸುಮ್ಮನಿದ್ದೆ, ಅದಕ್ಕೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಆಮೇಲಿನ ಶನಿವಾರಗಳೆಲ್ಲ ವರ್ನ್‌ಗೆ ಆಫೀಸೇ. ಅವನ ಹೆಂಡತಿ ಬೇಸತ್ತು, ೨೦೦೧ರಲ್ಲಿ ಮಗಳನ್ನು ಕರೆದುಕೊಂಡು ರಾಜ್ಯದ ಇನ್ನೊಂದು ತುದಿಯ ಸ್ಪೋಕೇನ್‌ಗೆ ಹೊರಟುಹೋದಳು. ಭಾನುವಾರ ಭಾನುವಾರ ಇವನು ಫೋನ್ ಮಾಡುತ್ತಿದ್ದ. ಹನ್ನೆರಡು ವರ್ಷದ ಆ ಹುಡುಗಿ ಒಂದು ದಿನ “ಇನ್ಮೇಲೆ ಮಾಡ್ಬೇಡ” ಅಂದಳು. ಅಲ್ಲಿಗೆ ಮುಗಿಯಿತು. ಹುಟ್ಟುಹಬ್ಬಕ್ಕೆ ಇವನು ಕಳಿಸಿದ ಕಾರ್ಡುಗಳು ಒಡೆಯದೆ ವಾಪಸು ಬರುತ್ತಿದ್ದವು.

ಚಿತ್ರ ಹಳೆಯದಾಯಿತು, ದೀಪಸ್ತಂಭದ್ದು ಹಾಕೋಣ ಅಂತ ಯಾರೋ ಅಂದಾಗ, ಎಂದೂ ದನಿ ಎತ್ತದವನು ಮೇಜು ಗುದ್ದಿದ. ಆ ಮಧ್ಯಾಹ್ನ ತೆರಿಯಾಕಿ ಊಟದ ಡಬ್ಬಿ ಮುಂದಿಟ್ಟುಕೊಂಡು ನಾನು ಕೇಳಿಯೇಬಿಟ್ಟೆ. “ಏನೋ ಅದು, ಆ ಚಿತ್ರಕ್ಕೆ ಹಿಂಗೆ ಜೋತುಬಿದ್ದಿದೀಯ?”

“ಅವಳೂ ಇಂಟರ್ನೆಟ್ ನೋಡ್ತಾಳಲ್ವಾ ರೋಜ್? ಎಲ್ಲೋ ಒಂದು ಪುಟದಲ್ಲಿ ಇದು ಬರುತ್ತೆ. ಅಪ್ಪ ಇನ್ನೂ ತೆಗೆದಿಲ್ಲ ಅಂತ ಗೊತ್ತಾಗುತ್ತೆ.”

“ಗೊತ್ತಾಗಿ?”

“ಗೊತ್ತಾಗ್ಲಿ. ಅಷ್ಟೆ.”

ನಮ್ಮಲ್ಲಿ ದೊಡ್ಡ ಮಾರಾಟವಾದಾಗ ಬಾಗಿಲ ಬಳಿಯ ಹಿತ್ತಾಳೆ ಗಂಟೆ ಬಾರಿಸುವ ರೂಢಿ. ನಾನು ಹೋಗಿ ಬಾರಿಸುತ್ತಿದ್ದೆ, ಎಲ್ಲರೂ ಕೇಕೆ ಹಾಕುತ್ತಿದ್ದರು, ವರ್ನ್ ಮಾತ್ರ ಪರದೆ ನೋಡುತ್ತ ಕೂತಿರುತ್ತಿದ್ದ. ಅವನ ಮಗಳು ನಿಲ್ಲುವ ಜಾಗವನ್ನೇ ನಾನು ಮಾರುತ್ತಿದ್ದೇನೆ ಅಂತ ಅವನ ಆ ಮಾತು ಕೇಳಿದ ದಿನ ಹೊಳೆಯಿತು. ಆಮೇಲೆ ಗಂಟೆ ಬಾರಿಸಲು ನನಗೆ ಕೈ ಬರಲಿಲ್ಲ.

೨೦೦೭ರ ವಸಂತದಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ತಂತ್ರಜ್ಞಾನ ಕಂಪನಿಯೊಂದು ನಮ್ಮನ್ನು ಕೊಂಡಿತು. ಕೇಕ್ ಕತ್ತರಿಸಿದರು, ಗಂಟೆ ಬಾರಿಸಿ ಬಾರಿಸಿ ಅದರ ಹಗ್ಗವೇ ಕಿತ್ತುಬಂತು. ಮರುವಾರ ಹೊಸ ಮೇಲಧಿಕಾರಿ ಪ್ರೆಸ್ಕಾಟ್ ಬಂದ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

“ಖಾಲಿ ಜಾಗ ಅನ್ನೋದೇ ಇನ್ಮೇಲೆ ಇರಲ್ಲ,” ಅಂದ. “ಪುಟ ತೆರೆಯೋದ್ರೊಳಗೆ ಪ್ರತಿಯೊಂದು ಜಾಗವೂ ತಾನಾಗೇ ಹರಾಜಾಗುತ್ತೆ.”

ಮೀಟಿಂಗಿನಲ್ಲಿ ವರ್ನ್ ಎದ್ದು ನಿಂತ. ನಾನು ಬಾಯಿ ಬಿಟ್ಟು ನೋಡಿದೆ.

“ಹರಾಜಲ್ಲಿ ಯಾರೂ ಕೂಗದಿದ್ರೆ?”

“ಕೋಟಿಗೊಂದು ಸಲ ಹಾಗಾಗಬಹುದು.”

“ಆ ಒಂದು ಸಲಕ್ಕೆ ನಮ್ಮ ಈ ಚಿತ್ರ ಇರ್ಲಿ. ಬೇರೇನೂ ಕೇಳಲ್ಲ ನಾನು.”

ಪ್ರೆಸ್ಕಾಟ್ ಕೆಟ್ಟವನಲ್ಲ, ಆಗಲಿ ಅಂದ. “ಆದ್ರೆ ಚಿತ್ರದಲ್ಲಿರೋರ ಒಪ್ಪಿಗೆ ಪತ್ರ ಬೇಕು. ಇದೆ ತಾನೆ?”

ನಮ್ಮಲ್ಲೆಲ್ಲಿಯ ಪತ್ರ! ನಮ್ಮ ಮಕ್ಕಳು, ನಮ್ಮ ನಾಯಿ, ನಮ್ಮ ಊಟದ ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಚಿತ್ರ ತೆಗೆದು ಜಗತ್ತಿಗೇ ತೋರಿಸಿದವರು ನಾವು. ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

“ನಾನೇ ಅವಳಪ್ಪ. ನಾನು ಸಹಿ ಹಾಕ್ತೀನಿ,” ಅಂದ ವರ್ನ್.

“ಅವ್ರಿಗೀಗ ಎಷ್ಟು ವಯಸ್ಸು?”

ವರ್ನ್ ಹೇಳಿದ. “ಫೆಬ್ರವರಿಯಲ್ಲಿ ಹದಿನೆಂಟು ತುಂಬ್ತು.”

“ಹಾಗಿದ್ರೆ ಅವ್ರೇ ಹಾಕ್ಬೇಕಲ್ಲ.”

ಕಂಪನಿಯ ವಕೀಲರು ಸ್ಪೋಕೇನ್‌ಗೆ, ಬ್ರಿಟಾ ಹೆಸರಿಗೆ ಕಾಗದ ಕಳಿಸಿದರು. ಹೌದು, ಇಲ್ಲ ಎಂಬ ಎರಡು ಚೌಕ, ಕೆಳಗೆ ಕಾರಣ ಬರೆಯಲು ನಾಲ್ಕು ಗೆರೆ. ಹನ್ನೊಂದು ದಿನ ವರ್ನ್ ದಿನಾ ಗಡ್ಡ ಹೆರೆದುಕೊಂಡು ಬಂದ, ಯಾರೋ ಮನೆಗೆ ಬರುವವರಿದ್ದಾರೆ ಅನ್ನುವ ಹಾಗೆ.

“ಹಾಕ್ತಾಳೆ ಬಿಡೋ ಮಾರಾಯ, ಎಷ್ಟಂದ್ರೂ ಮಗಳು,” ಅಂದೆ. ನನಗೇ ನಂಬಿಕೆಯಿರಲಿಲ್ಲ.

“ಹಾಕದಿದ್ರೂ ಅವಳ ಅಕ್ಷರ ಬರುತ್ತಲ್ಲ,” ಅಂದ. “ಅದನ್ನ ನೋಡಿ ಆರು ವರ್ಷ ಆಯ್ತು.”

ಹನ್ನೆರಡನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪ್ರೆಸ್ಕಾಟ್ ಅವಳು ತುಂಬಿ ಕಳಿಸಿದ ಕಾಗದದ ನಕಲು ತಂದು ವರ್ನ್‌ನ ಮೇಜಿನ ಮೇಲಿಟ್ಟು ಹೋದ. ‘ಇಲ್ಲ’ ಅನ್ನುವ ಚೌಕದಲ್ಲಿ ಗುರುತಿತ್ತು. ನಾಲ್ಕು ಗೆರೆಯೂ ತುಂಬಿತ್ತು.

‘ಹೋದಲ್ಲೆಲ್ಲ ಇದು ನನ್ನ ಕಣ್ಣಿಗೆ ಬೀಳುತ್ತೆ. ಸ್ಕೂಲಿನ ಕಂಪ್ಯೂಟರಲ್ಲಿ, ಕೆಲಸ ಹುಡುಕುವ ಪುಟದಲ್ಲಿ, ಎಲ್ಲಾ ಕಡೆ. ಅಪ್ಪನಿಗೆ ಹೇಳಿ, ನನಗಿನ್ನೂ ಕೈ ನೋಯ್ತಿದೆ.’

ವರ್ನ್ ಮೂರು ಸಲ ಓದಿದ. ಅವನು ಅಳಬಹುದು ಅಂದುಕೊಂಡರೆ ಅತ್ತವಳು ನಾನು.

“ನೋಡಿದಾಳೆ ರೋಜ್. ಅಷ್ಟೂ ವರ್ಷ ನೋಡಿದಾಳೆ,” ಅಂದ. ಕಾಗದ ಮಡಚುತ್ತ, “ಒಂದೇ ನಿಮಿಷ ಅಂದಿದ್ದೆ ನಾನು,” ಅಂದ.

ಚಿತ್ರವನ್ನು ನಿಲ್ಲಿಸುವ ಗುಂಡಿಯೂ ಅವನ ಕೈಯಲ್ಲೇ ಇತ್ತು, ಅದು ಅವನದೇ ಕೆಲಸವಲ್ಲವೆ. ಯಾರೂ ಹೋಗದ ಒಂದು ಪುಟ ತೆರೆದ, ಹರಾಜಿನಲ್ಲಿ ಯಾರೂ ಕೂಗದ ಮೀನು ಗಾಳದ ಪುಟ. ಮೂಲೆಯಲ್ಲಿ ಹಳದಿ ರೇನ್‌ಕೋಟಿನ ಹುಡುಗಿ ನಿಂತಿದ್ದಳು.

“ಇಳಿಸು ಪುಟ್ಟಿ,” ಅಂದ ವರ್ನ್. “ಸಾಕು, ಕೈ ಇಳಿಸು.”

ಗುಂಡಿ ಒತ್ತಿ ಪುಟವನ್ನು ಮತ್ತೊಮ್ಮೆ ತೆರೆದ. ಅವಳಿದ್ದ ಜಾಗ ಅಷ್ಟರೊಳಗೆ ಹರಾಜಾಗಿ, ಅಲ್ಲಿ ಕಾರು ವಿಮೆಯ ಜಾಹೀರಾತು ಬಂದು ಕೂತಿತ್ತು.