ಕುಂಕುಮ ಇಟ್ಟ ಡಿಸ್ಕು

ನಮ್ಮ ಭಾವನವರಿಗೆ ಕಂಪ್ಯೂಟರಿನ ಮಾತು ಬಂದರೆ ಮೈಮೇಲೆ ದೇವರು ಬಂದ ಹಾಗೆ. ಭಾವ ಎಂದರೆ ನನ್ನ ಗಂಡನ ಅಣ್ಣ. ಯಾವುದೋ ದೊಡ್ಡ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು, ಈಗ ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ವಾಸ. ಮ್ಯಾನೇಜರ್ ಎಂದರೆ ಬೇರೆಯವರು ಕೆಲಸ ಮಾಡುವುದನ್ನು ನೋಡಿಕೊಂಡು ಇದ್ದವರು ಎಂಬುದು ನನ್ನ ಅತ್ತೆಯ ಮನೆಯಲ್ಲಿ ಯಾರಿಗೂ ಹೊಳೆದಿಲ್ಲ. ಜಯನಗರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಟೀವಿ ರಿಮೋಟಿನ ಸೆಲ್ ಬದಲಾಯಿಸಬೇಕಾದರೂ ಅವರಿಗೊಂದು ಫೋನು ಹೋಗಬೇಕು. ಅವರು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಬ್ಯಾಟರಿ ಕಂಡುಹಿಡಿದವರ ಚರಿತ್ರೆ ಹೇಳುತ್ತಾರೆ, ಹೋಗುತ್ತಾರೆ. ಸೆಲ್ ಹಾಕುವುದು ನಾನೇ.

ನನ್ನ ಕೆಲಸ ಡಿಟಿಪಿ. ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಬೇಕೆಂದರೆ ಅಕ್ಷರ ಜೋಡಣೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಪುಸ್ತಕ. ಹಿಂದಿನ ಕೋಣೆಯಲ್ಲಿ ಅಕ್ಕಿ ಡ್ರಮ್ಮಿನ ಪಕ್ಕ ಒಂದು ಮೇಜು, ಅದರ ಮೇಲೊಂದು ಹಳೆಯ ಕಂಪ್ಯೂಟರು. ಹುಡುಗಿಯ ಅಪ್ಪನ ಹೆಸರಿನ ಕೆಳಗೆ ಯಾವ ಅಕ್ಷರದ ಒತ್ತು ಎಲ್ಲಿ ಕೂರಬೇಕು, ಸೋದರಮಾವನ ಹೆಸರು ಯಾವ ಸಾಲಿಗೆ ಬಂದರೆ ಜಗಳ ಆಗುವುದಿಲ್ಲ, ಇವೆಲ್ಲ ನನಗೆ ಕರತಲಾಮಲಕ. ಆದರೆ ಮನೆಗೆ ಬಂದವರು ಯಾರಾದರೂ, "ನಿಮ್ಮ ಮನೆಯವರು ಕೆಲಸಕ್ಕೆ ಹೋಗ್ತಾರಾ?" ಎಂದು ಕೇಳಿದರೆ ನನ್ನ ಗಂಡ, "ಇಲ್ಲ ಇಲ್ಲ, ಮನೇಲೇ ಇರ್ತಾಳೆ" ಅನ್ನುತ್ತಾರೆ. ಭಾವ ಇನ್ನೂ ಒಂದು ಹೆಜ್ಜೆ ಮುಂದೆ. "ಟೈಪಿಂಗ್ ಗೀಪಿಂಗ್ ಏನೋ ಮಾಡ್ಕೊಂಡಿರ್ತಾಳೆ, ಟೈಮ್‌ಪಾಸ್‌ಗೆ." ನಾನು ಒಳಗಿನಿಂದ ಕೇಳಿಸಿಕೊಂಡು ಪ್ರಿಂಟರಿಗೆ ಕಾಗದ ಹಾಕುತ್ತಿರುತ್ತೇನೆ. ಎದುರಾಡಿದರೆ ಸೊಸೆಗೆ ಕೊಂಬು ಬಂತು ಅನ್ನುತ್ತಾರೆ.

ಆ ವರ್ಷ ಮಾತ್ರ ನನಗೆ ನಿಜವಾಗಿಯೂ ಕೊಂಬು ಬರುವುದರಲ್ಲಿತ್ತು. ಬನಶಂಕರಿಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಜೀವಮಾನದ ಟಿಪ್ಪಣಿಗಳನ್ನೆಲ್ಲ ಸೇರಿಸಿ ದಪ್ಪ ಪುಸ್ತಕ ಮಾಡುತ್ತಿದ್ದರು. ಪುಟಪುಟಕ್ಕೂ ಅಡಿಟಿಪ್ಪಣಿ, ಹಳಗನ್ನಡದ ಪದ್ಯ, ಈಗ ಯಾರೂ ಬಳಸದ ಅಕ್ಷರಗಳು. ಕರಡು ಬನಶಂಕರಿಗೂ ಜಯನಗರಕ್ಕೂ ಎಷ್ಟು ಸಲ ಓಡಾಡಿತೋ ದೇವರಿಗೇ ಗೊತ್ತು. ಕೊನೆಗೆ ಅವರೇ ಒಂದು ದಿನ, "ಪುಸ್ತಕದ ಒಳಪುಟದಲ್ಲಿ ಅಕ್ಷರ ಜೋಡಣೆ ಅಂತ ನಿಮ್ಮ ಹೆಸರು ಹಾಕಿಕೊಳ್ಳಿ, ಇದು ನಿಮ್ಮದೂ ಕೆಲಸ ತಾನೇ" ಅಂದರು. ಊರಿನವರ ಹೆಸರನ್ನೆಲ್ಲ ಅಚ್ಚಿಗೆ ಕಳಿಸಿದವಳು ನಾನು, ನನ್ನ ಹೆಸರು ಎಂದೂ ಅಚ್ಚಾಗಿರಲಿಲ್ಲ. ಆ ಒಂದು ಸಾಲನ್ನು ಟೈಪ್ ಮಾಡಿ, ದೊಡ್ಡದು ಮಾಡಿ, ಚಿಕ್ಕದು ಮಾಡಿ, ನೋಡಿ ನೋಡಿ ಖುಷಿಪಟ್ಟೆ. ದಸರಾ ಮುಗಿದ ಕೂಡಲೇ ಪುಸ್ತಕ ಪ್ರೆಸ್ಸಿಗೆ ಹೋಗಬೇಕಿತ್ತು.

ಅಷ್ಟರಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗಿನಿಂದ ಟಿಕ್ ಟಿಕ್ ಎಂದು ಸದ್ದು ಶುರುವಾಯಿತು. ಹಾರ್ಡ್ ಡಿಸ್ಕು ಸಾಯುವ ಮುಂಚೆ ಹೀಗೇ ನರಳುತ್ತದಂತೆ. ನನ್ನ ಎದೆ ಒಡೆದುಹೋಯಿತು. ಏಕೆಂದರೆ ನಾನು ಬಳಸುವ ಕನ್ನಡ ಸಾಫ್ಟ್‌ವೇರು ಬಹಳ ಹಳೆಯದು, ಅದನ್ನು ಮಾರಿದ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಅದು ಆ ಡಿಸ್ಕಿನಲ್ಲಿ ಕೂತಿದ್ದರೆ ಮಾತ್ರ ನಡೆಯುತ್ತದೆ. ಹೊಸದಾಗಿ ಹಾಕಲು ಬರುವುದಿಲ್ಲ. ಅದಿಲ್ಲದ ಕಡೆ ನನ್ನ ಫೈಲು ತೆರೆದರೆ ಕನ್ನಡದ ಬದಲು ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ, ಯಾರೋ ಬೈದ ಹಾಗೆ ಕಾಣುವ ಇಂಗ್ಲಿಷ್ ಅಕ್ಷರ.

ಗಂಡ ಎಂದಿನಂತೆ ಅಣ್ಣನಿಗೆ ಫೋನು ಮಾಡಿದರು. ಭಾವ ಬಂದರು, ಕಾಫಿ ಕುಡಿದರು, ಉಪನ್ಯಾಸ ಶುರುಮಾಡಿದರು.

"ನೋಡಮ್ಮ, ಫೈಲ್ ಕಾಪಿ ಮಾಡೋದೆಲ್ಲ ಮಕ್ಕಳಾಟ. ಡಿಸ್ಕ್ ಇಮೇಜಿಂಗ್ ಅಂತ ಇದೆ. ಇಡೀ ಡಿಸ್ಕನ್ನ ಹಾಗ್‌ಹಾಗೇ ಅಚ್ಚು ತೆಗೆದು ಇನ್ನೊಂದು ಡಿಸ್ಕಿಗೆ ಇಳಿಸೋದು. ನಿನ್ನ ಹಳೇ ಸಾಫ್ಟ್‌ವೇರಿಗೆ ಮನೆ ಬದಲಾಯಿಸಿದ್ದೂ ಗೊತ್ತಾಗಲ್ಲ."

ಇದು ಮಾತ್ರ ಸರಿಯಾದ ಮಾತು. ಅವರ ಮಾತುಗಳೆಲ್ಲ ಸರಿಯೇ ಇರುತ್ತವೆ, ತೊಂದರೆ ಬರುವುದು ಕೈ ಹಾಕಿದ ಮೇಲೆ. ಆ ಇಮೇಜಿಂಗ್ ಸಾಫ್ಟ್‌ವೇರು ಹಾಕಿಕೊಳ್ಳಲು ಒಂದು ಪೆನ್‌ಡ್ರೈವ್ ಬೇಕೆಂದರು. ಮೇಜಿನ ಮೇಲಿದ್ದ ಪೆನ್‌ಡ್ರೈವಿನಲ್ಲಿ ಮೇಷ್ಟ್ರ ಪುಸ್ತಕದ ಇನ್ನೊಂದು ಪ್ರತಿ ಇತ್ತು. "ಭಾವ, ಅದರಲ್ಲಿ ನನ್ನ ಫೈಲಿದೆ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಳಿಸಿಯೂ ಆಗಿತ್ತು. "ಎಲ್ಲಾ ಇಮೇಜಲ್ಲಿ ಬರುತ್ತಲ್ಲಮ್ಮ, ಯಾಕೆ ಗಾಬರಿ?" ಎಂದು ನಕ್ಕರು. ಹಳೆಯದರ ಕಂಪನಿಯದೇ, ಹಳೆಯದರ ಗಾತ್ರದ್ದೇ ಹೊಸ ಡಿಸ್ಕು ತರುತ್ತೇನೆ, ಆಯುಧಪೂಜೆಯ ದಿನ ಹೇಗೂ ನೀನು ಯಂತ್ರ ಮುಟ್ಟುವುದಿಲ್ಲ, ಅವತ್ತೇ ಮುಗಿಸೋಣ ಎಂದು ಮುಹೂರ್ತವನ್ನೂ ಇಟ್ಟುಹೋದರು.

ಆಯುಧಪೂಜೆಯ ದಿನ ನಮ್ಮ ಬೀದಿ ನಿಮಗೆ ಗೊತ್ತಿರಬಹುದು. ಸ್ಕೂಟರುಗಳಿಗೆಲ್ಲ ಬಾಳೆಕಂದು, ನಡುರಸ್ತೆಯಲ್ಲಿ ಒಡೆದ ಬೂದುಗುಂಬಳ, ಅದರ ಮೇಲೆ ಜಾರುವ ಬೈಕುಗಳು. ವರ್ಷವಿಡೀ ಸಿಗ್ನಲ್ ಜಂಪ್ ಮಾಡುವವರು ಅವತ್ತು ಒಂದು ನಿಂಬೆಹಣ್ಣು ಚಕ್ರಕ್ಕೆ ಕೊಟ್ಟು ದೇವರ ಹತ್ತಿರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ಭಾವ ಹೊಸ ರೇಷ್ಮೆ ಶರ್ಟು ತೊಟ್ಟು, ಹೊಸ ಡಿಸ್ಕು ಹಿಡಿದುಕೊಂಡು ಬೆಳಿಗ್ಗೆಯೇ ಬಂದರು. ಮನೆಯಲ್ಲೇ ಫಾರ್ಮ್ಯಾಟ್ ಮಾಡಿ ತಂದಿದ್ದೇನೆ, ಇನ್ನು ತುಂಬಿಸುವುದೊಂದೇ ಬಾಕಿ ಅಂದರು. ನನ್ನ ಕಂಪ್ಯೂಟರು ಬಿಚ್ಚಿ ಹಳೆಯ ಡಿಸ್ಕನ್ನೂ ಹೊರಗೆ ತೆಗೆದರು. ದೇವರ ಮುಂದೆ ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ಸ್ಕೂಟರಿನ ಕೀ ಇದ್ದವು. ಅವುಗಳ ಪಕ್ಕ ಎರಡೂ ಡಿಸ್ಕು ಇಟ್ಟು, ತಮ್ಮ ಲ್ಯಾಪ್‌ಟಾಪನ್ನೂ ಇಟ್ಟು, "ಅಮ್ಮ, ಇದಕ್ಕೂ ಪೂಜೆ ಮಾಡ್ಬಿಡು" ಎಂದರು. ಅತ್ತೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೆಯ ಡಿಸ್ಕಿನ ವರ್ಷಗಳ ಧೂಳು ಹೋಗಿ ಅದೂ ಹೊಸದರ ಹಾಗೆ ಹೊಳೆಯಿತು. ಪೂಜೆಯಾಯಿತು, ಮಂಗಳಾರತಿಯಾಯಿತು. ಭಾವ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು.

ಊಟಕ್ಕೆ ಒಬ್ಬಟ್ಟು. ನಾನು ಬಡಿಸಿ, ಎಲೆ ಎತ್ತಿ, ಒರೆಸಿ ಹಜಾರಕ್ಕೆ ಬರುವಷ್ಟರಲ್ಲಿ ಭಾವ ಎರಡು ಡಿಸ್ಕನ್ನೂ ವೈರಿನಲ್ಲಿ ಲ್ಯಾಪ್‌ಟಾಪಿಗೆ ಸೇರಿಸಿ ಕೂತಿದ್ದರು. ಒಂದರ ನೆತ್ತಿಯ ಮೇಲೆ ಕುಂಕುಮ ಇತ್ತು. ಇನ್ನೊಂದು ಬೋಳು. ಬೇರೆ ವ್ಯತ್ಯಾಸವೇ ಇಲ್ಲ.

"ಭಾವ, ಯಾವುದು ಹಳೇದು ಅಂತ ಒಂದ್ಸಲ ನೋಡ್ಕೊಳ್ಳಿ" ಎಂದೆ.

"ಇಷ್ಟೂ ಗೊತ್ತಾಗಲ್ವೇನಮ್ಮ? ಹೊಸ ಕಾರು ತಂದ್ರೆ ಕುಂಕುಮ ಇಡ್ತೀವಿ, ಹೊಸ ಪಾತ್ರೆ ತಂದ್ರೆ ಕುಂಕುಮ ಇಡ್ತೀವಿ. ಕುಂಕುಮ ಇರೋದು ಹೊಸದು. ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ."

"ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಏನಾದ್ರೂ ಇರುತ್ತೆ, ಕನ್ನಡಕ ಹಾಕ್ಕೊಂಡು ನೋಡಿ."

ಅವರು ನೋಡಲಿಲ್ಲ. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಎಚ್ಚರಿಕೆ ಬಂತು, ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು. ನಾನು ಪೂರ್ತಿ ಓದುವುದರೊಳಗೆ ಅವರು 'ಯೆಸ್' ಒತ್ತಿದ್ದರು. ಸುಮ್ಮನೆ ಹೆದರಿಸುತ್ತದೆ, ಎಲ್ಲರಿಗೂ ಹೀಗೇ ಕೇಳುತ್ತದೆ ಅಂದರು. ಆಮೇಲೆ ಗಂಡನ ಕಡೆ ತಿರುಗಿ ಮನುಷ್ಯನಿಗೆ ಬ್ಯಾಕಪ್ ಏಕೆ ಬೇಕು ಎಂಬ ವೇದಾಂತ ಶುರುವಾಯಿತು.

ಅರ್ಧ ಲೋಟ ಕಾಫಿ ಮುಗಿಯುವುದರೊಳಗೆ ಕೆಲಸ ಮುಗಿಯಿತು. "ನೋಡಿದ್ಯಾ, ಸಖತ್ ಫಾಸ್ಟ್ ಸಾಫ್ಟ್‌ವೇರು!" ಎಂದು ಭಾವ ತೊಡೆ ತಟ್ಟಿಕೊಂಡರು. ನನಗೆ ಆಗಲೇ ಅನುಮಾನ ಬಂತು. ನನ್ನ ಅಷ್ಟು ವರ್ಷದ ಕೆಲಸ ಅರ್ಧ ಲೋಟ ಕಾಫಿಯಲ್ಲಿ ಹಿಡಿಸುವಂಥದ್ದಲ್ಲ. ಕುಂಕುಮದ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದರು. ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕಿಸುತ್ತಾ ನಿಂತಿತು. ವೈರು ಲೂಸ್ ಇದೆ ಅಂದರು. ಬಿಚ್ಚಿ ಬೋಳು ಡಿಸ್ಕನ್ನು ಹಾಕಿದರು. ಅದೇ ಕಪ್ಪು, ಅದೇ ಗೆರೆ. ಖಾಲಿ ಡಿಸ್ಕನ್ನು ಅಚ್ಚುಕಟ್ಟಾಗಿ ಅಚ್ಚು ತೆಗೆದು ತುಂಬಿದ ಡಿಸ್ಕಿನ ಮೇಲೆ ಇಳಿಸಿದ್ದರು. ಹೇಳಿದ ಹಾಗೆಯೇ, ಹಾಗ್‌ಹಾಗೇ.

ಈಗ ಕನ್ನಡಕ ಹಾಕಿಕೊಂಡು ಎರಡೂ ಡಿಸ್ಕಿನ ಲೇಬಲ್ ನೋಡಿದರು. ಆಮೇಲೆ ಭಾವ ಎದ್ದುನಿಂತು, "ಈ ಅಮ್ಮ ಹೊಸದು ಬಿಟ್ಟು ಹಳೇದಕ್ಕೆ ಕುಂಕುಮ ಇಟ್ಟಿದ್ದಾಳೆ ನೋಡು! ನಂದೇನಿದೆ ಇದರಲ್ಲಿ?" ಎಂದರು. ತಪ್ಪನ್ನೆಲ್ಲ ಎಂಬತ್ತು ದಾಟಿದ ತಾಯಿಯ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ನಲವತ್ತು ವರ್ಷದ ಅನುಭವ ಒಂದು ಚಿಟಿಕೆ ಕುಂಕುಮವನ್ನು ನಂಬಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾದರೂ ಆಗಬೇಕಿತ್ತು. ಆಗಲಿಲ್ಲ. ಹೊರಡುವಾಗ ನನಗೆ ಸಮಾಧಾನವನ್ನೂ ಹೇಳಿದರು. "ಹೋಗ್ಲಿ ಬಿಡಮ್ಮ, ಲಗ್ನಪತ್ರಿಕೆ ತಾನೇ. ಆಫೀಸ್ ಡೇಟಾ ಆಗಿದ್ರೆ ಕಷ್ಟ ಆಗ್ತಿತ್ತು." ಗಂಡ ಹೌದೆಂಬಂತೆ ತಲೆಯಾಡಿಸಿದರು. ಆ ತಲೆಯಾಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಡಿಸ್ಕಿನಿಂದ ಅಳಿಸಿಹೋದದ್ದನ್ನು ಹುಡುಕಿಕೊಡುವ ಒಂದು ಅಂಗಡಿ ಬಿ.ಟಿ.ಎಂ. ಲೇಔಟಿನಲ್ಲಿತ್ತು. ಅವರು ಎರಡು ವಾರ ಇಟ್ಟುಕೊಂಡು ಸಾವಿರಾರು ಫೈಲು ಕೊಟ್ಟರು, ಒಂದಕ್ಕೂ ಹೆಸರಿಲ್ಲ. ಕನ್ನಡ ಸಾಫ್ಟ್‌ವೇರು ಬರಲೇ ಇಲ್ಲ. ತೆರೆದದ್ದೆಲ್ಲ ಚೌಕಗಳ ಜಾತ್ರೆ. ಮಧ್ಯೆ ಯಾರೋ ಸ್ಕ್ಯಾನ್ ಮಾಡಿಸಿದ್ದ ಗಣಪತಿಯ ಚಿತ್ರ ಒಂದು ಮಾತ್ರ ನೆಟ್ಟಗೆ ಬಂದಿತ್ತು.

ಮೇಷ್ಟ್ರ ಬಳಿ ಕೊನೆಯ ಕರಡಿನ ಪ್ರಿಂಟು ಇತ್ತು. ಹೊಸ ಸಾಫ್ಟ್‌ವೇರು ಕಲಿತು ಮೊದಲಿನಿಂದ ಟೈಪ್ ಮಾಡಿಕೊಡುತ್ತೇನೆ, ಯುಗಾದಿಯವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ. ಪಾಪ, ಅವರಿಗೂ ವಯಸ್ಸು, ಪುಸ್ತಕ ಬಿಡುಗಡೆಯ ಸಭೆಗೆ ಹಾಲ್ ಗೊತ್ತುಮಾಡಿ ಆಗಿತ್ತು. ಪ್ರೆಸ್ಸಿನವರೇ ನಾಲ್ಕು ಜನರನ್ನು ಕೂರಿಸಿ ಮುಗಿಸಿದರು. ಪುಸ್ತಕ ಬಂತು. ಒಳಪುಟದಲ್ಲಿ ಅಕ್ಷರ ಜೋಡಣೆ ಎಂದಿರುವ ಕಡೆ ಆ ಪ್ರೆಸ್ಸಿನ ಹೆಸರಿತ್ತು. ಮೇಷ್ಟ್ರು ಪ್ರೀತಿಯಿಂದ ನನಗೊಂದು ಪ್ರತಿ ಕಳಿಸಿದ್ದರು. ಮೂರನೆಯ ಪುಟದಲ್ಲೇ ಒಂದು ಒತ್ತಕ್ಷರ ತಪ್ಪಿತ್ತು. ಕೆಟ್ಟ ಬುದ್ಧಿ, ಖುಷಿಯಾಯಿತು.

ಅದೇ ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಅಷ್ಟು ದಿನವೂ ಅವರನ್ನು ನಾನು ಏನೂ ಕೇಳಿರಲಿಲ್ಲ. ಕೋಪವಿತ್ತು. ದೇವರು ದಿಂಡರು ಎಂದು ಕಂಡಕಂಡದ್ದಕ್ಕೆಲ್ಲ ಕುಂಕುಮ ಬಳಿಯುವ ಮುದುಕಿ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವತ್ತು ತಡೆಯಲಾಗಲಿಲ್ಲ.

"ಅತ್ತೆ, ಎರಡಿತ್ತಲ್ಲ. ಹೊಸದು ಬಿಟ್ಟು ಹಳೇದಕ್ಕೆ ಯಾಕೆ ಕುಂಕುಮ ಇಟ್ರಿ?"

ಅವರು ನನ್ನ ಮುಖವನ್ನು ನೋಡಿದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

"ದುಡಿಯೋ ಆಯುಧಕ್ಕೆ ತಾನೇ ಕಣೆ ಪೂಜೆ? ಹೊಸದು ಇನ್ನೂ ಏನು ದುಡಿದಿದೆ? ಹಳೇದು ನೀನು ಬೆಳಗಿಂದ ಸಾಯಂಕಾಲದ ತನಕ ಕೂತು ದುಡಿದಿದ್ದು. ಒರೆಸ್ಬೇಕಾದ್ರೆ ಧೂಳಲ್ಲೇ ಗೊತ್ತಾಯ್ತು."

"ಮತ್ತೆ ಭಾವನ ಲ್ಯಾಪ್‌ಟಾಪಿಗೆ?"

"ಅದರಲ್ಲಿ ಅವನೇನು ಕೆಲಸ ಮಾಡ್ತಾನೆ?" ಎಂದು ಅತ್ತೆ ಹುರುಳಿಕಾಯಿ ಮುರಿದರು.

ಫೋನು ತೆಗೆದು ಕುಟುಂಬದ ಗುಂಪಿನಲ್ಲಿ ಆ ಫೋಟೋ ಹುಡುಕಿದೆ. ದೊಡ್ಡದು ಮಾಡಿ ನೋಡಿದೆ. ಈಳಿಗೆಮಣೆಗೆ ಕುಂಕುಮ ಇತ್ತು, ಕತ್ತರಿಗೆ ಇತ್ತು, ಸ್ಕೂಟರಿನ ಕೀಗೆ ಇತ್ತು, ನನ್ನ ಡಿಸ್ಕಿಗೆ ಇತ್ತು. ಭಾವನ ಲ್ಯಾಪ್‌ಟಾಪು ಬರೀ ಹಣೆಯಲ್ಲಿ ಕೂತಿತ್ತು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಗು ಬರಲಿಲ್ಲ. ನಾನು ಮಾಡುವುದು ಕೆಲಸ ಎಂದು ಈ ಮನೆಯಲ್ಲಿ ಒಬ್ಬರು ಒಪ್ಪಿಕೊಂಡಿದ್ದರು, ಕೇಳದೆಯೇ, ದೇವರ ಮುಂದೆಯೇ. ಆ ಗುರುತನ್ನು ನೋಡಿಕೊಂಡೇ ಭಾವ ಕೆಲಸವನ್ನೆಲ್ಲ ಅಳಿಸಿದ್ದರು. ನಾನು ಅತ್ತೆಯ ಪಕ್ಕ ನೆಲದ ಮೇಲೆ ಕೂತು ಒಂದು ಹಿಡಿ ಹುರುಳಿಕಾಯಿ ತೆಗೆದುಕೊಂಡೆ. ಕಣ್ಣು ಮಂಜಾಗಿ ನಾರು ಸರಿಯಾಗಿ ಕಾಣುತ್ತಿರಲಿಲ್ಲ. "ನಾರು ಬಿಡ್ತಿದ್ದೀಯ ನೋಡು, ಆ ಕಡೇದೂ ತೆಗಿ" ಎಂದರು ಅತ್ತೆ.