ಬಾತುಗಳ ಗೂಡಿಗೆ ಹಗ್ಗದ ಬಾಗಿಲು

ಕೋಳಿಗಳಾದರೆ ಕತ್ತಲಾಗುವ ಮೊದಲು ತಾವಾಗಿಯೇ ಗೂಡು ಸೇರುತ್ತವೆ. ಬಾತುಗಳಿಗೆ ಆ ಬುದ್ಧಿ ಇಲ್ಲ. ನರಿ ಗದ್ದೆಯ ಅಂಚಿಗೆ ಬಂದು ನಿಂತರೂ ಕೆಸರಿನಲ್ಲಿ ಕೊಕ್ಕು ಅದ್ದಿಕೊಂಡು ಇರುತ್ತವೆ. ಯಾರಾದರೂ ಹೋಗಿ ಅಟ್ಟಿಕೊಂಡು ಬರಬೇಕು, ಬಗ್ಗಿ ಗೂಡಿನ ಬಾಗಿಲು ಹಾಕಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ ಬಂದು ಅಕ್ಕನ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಸಿಕ್ಕಿದ ಉದ್ಯೋಗ ಅದು.

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲೇ ಅಕ್ಕನ ಮನೆ. ಭಾವ ಬೊಂಬಾಯಿಯ ಹೋಟೆಲೊಂದರಲ್ಲಿದ್ದರು. ಅಕ್ಕ ದಿನವಿಡೀ ಕೂತು ಬೀಡಿ ಕಟ್ಟಿ ಸೊಂಟ ಹಿಡಿಸಿಕೊಂಡಿದ್ದಳು, ಬಗ್ಗಲು ಆಗುತ್ತಿರಲಿಲ್ಲ. ಹಾಗಾಗಿ ಸಂಜೆಯಾದರೆ ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಉಜಿರೆಯಲ್ಲಿ ಪಾಠ ಮಾಡುತ್ತಿದ್ದ ಗೆಳೆಯನ ಕೋಣೆಯಲ್ಲಿ ಆ ಹೊತ್ತಿಗೆ ನಾಲ್ಕು ಜನ ಸೇರುತ್ತಿದ್ದರು. ದೇವರು ಇದ್ದಾನೋ ಇಲ್ಲವೋ ಎಂದು ಅವರು ಜಗಳಾಡುತ್ತಿರುವಾಗ ನಾನು ತೆಂಗಿನ ಗೆರಟೆಯಲ್ಲಿ ನುಚ್ಚು ಕುಲುಕುತ್ತ ಬಾತುಗಳನ್ನು ಕರೆಯುತ್ತಿದ್ದೆ.

ಹೀಗಿರುವಾಗ ಮೂಡುಬಿದಿರೆಯ ಒಂದು ಟ್ಯುಟೋರಿಯಲ್‌ನಿಂದ ಸಂದರ್ಶನಕ್ಕೆ ಕರೆ ಬಂತು. ಕೆಲಸ ಸಿಕ್ಕಿದರೆ ಅಲ್ಲೇ ಕೋಣೆ ಹಿಡಿಯಬೇಕು. ಆಗ ಬಾತುಗಳ ಗತಿ? ಹಳೆಯ ಗೂಡಿನಿಂದ ನರಿ ಒಂದನ್ನು, ಕಾಡುಬೆಕ್ಕು ಇನ್ನೊಂದನ್ನು ಒಯ್ದಿದ್ದವು. ಉಳಿದದ್ದು ನಾಲ್ಕು. ಐದು ಅನ್ನುತ್ತಾಳೆ ಅಕ್ಕ.

ಅಕ್ಕ ಬಗ್ಗದೆಯೇ ಮುಚ್ಚಬಹುದಾದ ಗೂಡನ್ನು ಕಟ್ಟಿ ಹೋಗುವುದೆಂದು ನಿಶ್ಚಯಿಸಿದೆ. ನರಿ ಮಣ್ಣು ಕೆರೆದು ನುಗ್ಗದಂತೆ ನೆಲಕ್ಕೆ ಮುರಕಲ್ಲು ಹಾಸಿದೆ. ಗೋಡೆಗೆ ಅಡಿಕೆ ಮರದ ಸಲಾಕೆ, ಅದರ ಒಳಬದಿಗೆ ಬೆರಳು ತೂರದ ತಂತಿಬಲೆ. ಮಾಡಿಗೆ ಹಂಚು, ಹಂಚು ಸರಿಸಿ ಬೆಕ್ಕು ಇಳಿಯಬಾರದೆಂದು ಅದರಡಿಗೂ ಬಲೆ ಹೊಡೆದೆ. ಬಾಗಿಲು ಪೂರ್ತಿ ನನ್ನದೇ ಯೋಚನೆ. ಎರಡು ಕಂಬಗಳಲ್ಲಿ ಕೊರೆದ ಸಂದಿಯಲ್ಲಿ ಮೇಲಿಂದ ಕೆಳಕ್ಕೆ ಜಾರುವ ಹಲಗೆ, ಯಾವ ಪ್ರಾಣಿಯೂ ಎತ್ತದಂತೆ ಅದಕ್ಕೊಂದು ಕಲ್ಲಿನ ಭಾರ, ಹಲಗೆಯಿಂದ ಅಡುಗೆಮನೆಯ ಕಿಟಕಿಯವರೆಗೆ ಹಗ್ಗ. ಹಗ್ಗ ಎಳೆದು ಕಿಟಕಿಯ ಸರಳಿಗೆ ಕಟ್ಟಿದರೆ ಗೂಡು ತೆರೆದಿರುತ್ತದೆ, ಬಿಟ್ಟರೆ ದಬ್ಬನೆ ಮುಚ್ಚುತ್ತದೆ. ಗೆರಟೆಯ ಸದ್ದಿಗೆ ಗೂಡಿಗೇ ಓಡಿ ಬರುವುದನ್ನೂ ಬಾತುಗಳಿಗೆ ಕಲಿಸಿದೆ.

“ಜೈಲಿಗೂ ಇಷ್ಟು ಬಂದೋಬಸ್ತು ಇಲ್ಲ ಮಾರಾಯ,” ಎಂದಳು ಅಕ್ಕ. “ಕೊಲೆಗಿಲೆ ಮಾಡಿದ್ದಾವಾ ಇವು?”

ಸಂದರ್ಶನದ ದಿನ ಬೆಳಿಗ್ಗೆ ಅಕ್ಕ ಹಗ್ಗ ಎಳೆದು ಬಾತುಗಳನ್ನು ಹೊರಗೆ ಬಿಟ್ಟಳು. ಕಟ್ಟಿದ ಬೀಡಿ ಕೊಟ್ಟು ಬರುತ್ತೇನೆಂದು ಹೊರಟಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸಿಗೆ ಕಾಯುತ್ತಿದ್ದೆ. ಆಗ ಗೂಡಿನ ಹಿಂಬದಿಯ ಕೆಸರಿನಲ್ಲಿ ಹೆಜ್ಜೆಗುರುತು ಕಂಡಿತು. ಒಂದು ಸಲಾಕೆಯ ಬುಡವನ್ನು ಯಾವುದೋ ಪ್ರಾಣಿ ಕೆರೆದಿತ್ತು. ನಾನು ಇಲ್ಲದ ದಿನವೇ ಅದು ಒಳಗೆ ಬಂದರೆ? ಬಲೆ ಸಡಿಲಾಗಿದೆಯೋ ನೋಡಲು ಮೊಣಕಾಲೂರಿ ಒಳಗೆ ತೆವಳಿದೆ. ಹಿಂದಿನಿಂದ ಹಲಗೆ ಬಿತ್ತು.

ಕಿಟಕಿಯಲ್ಲಿ ಗಂಟು ಬಿಚ್ಚಿಕೊಂಡಿತ್ತು. ನುಣುಪಾದ ಹಲಗೆ ಒಳಗಿನಿಂದ ಕೈಗೆ ಸಿಗಲೊಲ್ಲದು. ಮಳೆಗೆ ಉಬ್ಬಿ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಬೆನ್ನು ಕೊಟ್ಟು ಮಾಡನ್ನು ಒತ್ತಿದೆ. ಹಂಚು ಅಲುಗಿತು, ಬಲೆ ಬಿಡಲಿಲ್ಲ. ಬಾತುಗಳು ಗೂಡಿನ ಹೊರಗೆ ಸಾಲಾಗಿ ನಿಂತು, ತಲೆ ಓರೆ ಮಾಡಿ, ಒಂದೊಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದವು. ಕೂಗಿದೆ. ಹತ್ತಿರದಲ್ಲಿ ಯಾರ ಮನೆಯೂ ಇರಲಿಲ್ಲ. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಬಸ್ಸು ನಿಂತಿತು. “ರೈಟ್, ಪೋಯಿ” ಎಂದು ಕಂಡಕ್ಟರ್ ಬಸ್ಸು ಹೊರಡಿಸಿದ. ಅದರ ಸದ್ದು ಪೂರ್ತಿ ಅಡಗುವವರೆಗೂ ನಾನು ಹಿಕ್ಕೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೆ.

ಅಕ್ಕ ಬಂದದ್ದು ಬಿಸಿಲು ಏರಿದ ಮೇಲೆ. ಸಲಾಕೆಗಳ ನಡುವೆ ನನ್ನ ಮುಖ ಕಂಡು ನಿಂತಳು.

“ಏನು, ಮೊಟ್ಟೆ ಇಡ್ಲಿಕ್ಕೆ ಕೂತದ್ದಾ?”

“ಮೊದಲು ಹಗ್ಗ ಎಳಿ.”

“ಎಷ್ಟು ಇಟ್ಟೆ ಹೇಳು, ಆಮೇಲೆ ಎಳೀತೇನೆ.” ಸೊಂಟ ಹಿಡಿದುಕೊಂಡು ನಕ್ಕಳು. ನಂತರ ಅವಳಿಗೆ ಬಸ್ಸಿನ ನೆನಪಾಯಿತು. ನಗು ನಿಲ್ಲಿಸಿ ಅಡುಗೆಮನೆಗೆ ಓಡಿದಳು.

ಇಲ್ಲಿಯವರೆಗೆ ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ಅರ್ಧಕ್ಕರ್ಧ ಸುಳ್ಳು ಎಂದಳು. ಬಲೆ ಹೊಡೆದದ್ದು ಗೋಡೆಗೆ ಮಾತ್ರವಂತೆ, ಮಾಡಿಗೆ ಸಾಕಾಗಿರಲಿಲ್ಲವಂತೆ. “ಎರಡು ಹಂಚು ಎತ್ತಿದ್ದರೆ ಹೊರಗೆ ಬರ್ಬಹುದಿತ್ತು. ನೀನು ಎತ್ಲಿಲ್ಲ. ಆಮೇಲೆ ಇನ್ನೊಂದು ಬಸ್ಸೂ ಇತ್ತು. ಸ್ನಾನ ಮಾಡು, ಹೊರಡು ಅಂದೆ. ನೀನು ಚಾಪೆ ಹಾಕಿ ಮಲಗಿದ್ದು.”

ತಂತಿ ಬೆನ್ನಿಗೆ ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಚೆನ್ನಾಗಿ ನೆನಪಿರುವುದು ಸಾಕ್ಷಿಯಲ್ಲವೆಂದು ಇಷ್ಟು ವರ್ಷ ಬೇರೆಯವರಿಗೆ ಹೇಳುತ್ತ ಬಂದವನು ನಾನು. ತಂತಿ ಒತ್ತಿದ್ದರೆ ಅಂಗಿ ಹರಿಯಬೇಕಿತ್ತು. ಅದನ್ನು ಒಗೆದವಳು ಅಕ್ಕ. ಎಲ್ಲೂ ಹರಿದಿರಲಿಲ್ಲ ಎನ್ನುತ್ತಾಳೆ. ಮೂಡುಬಿದಿರೆಯಲ್ಲಿ ಏನು ಕೇಳುತ್ತಾರೋ, ಏನೂ ಗೊತ್ತಿಲ್ಲವೆಂದು ಮುಖಕ್ಕೇ ಹೇಳುತ್ತಾರೋ ಎಂಬ ಹೆದರಿಕೆ ಆ ವಾರವೆಲ್ಲ ಇದ್ದದ್ದಂತೂ ನಿಜ. ಆ ಹೆದರಿಕೆಯೇ ಹಂಚಿನಡಿಗೆ ಬಲೆ ಹೆಣೆಯಿತೋ ಏನೋ. ಗೂಡು ಈಗಿಲ್ಲ, ಹೋಗಿ ನೋಡುವಂತಿಲ್ಲ.

ಸಂದರ್ಶನ ತಪ್ಪಿದ ಆ ದಿನ ಸಂಜೆ ಅಕ್ಕ ಹುರಿಹಗ್ಗದ ತುಂಡೊಂದನ್ನು ತಂದು ನನ್ನ ಮುಂದೆ ಹಾಕಿದಳು.

“ಒಳಗಿನಿಂದ ಎಳೀಲಿಕ್ಕೂ ಒಂದು ಕಟ್ಟಿಬಿಡು.”

“ಬಾತುಗಳು ಎಳೆದು ಹೊರಗೆ ಹೋದರೆ?”

“ಅವಕ್ಕೆ ಕೈ ಉಂಟಾ? ನಾನು ನಿನಗೆ ಹೇಳಿದ್ದು.”

ಕಟ್ಟುತ್ತೇನೆ ಎಂದೆ. ಕಟ್ಟಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ನೆನಪು ಹೊಂದುತ್ತದೆ. ಟ್ಯುಟೋರಿಯಲ್‌ನವರು ಬೇರೆಯವರನ್ನು ತೆಗೆದುಕೊಂಡರು. ಭಾವ ಬೊಂಬಾಯಿ ಬಿಟ್ಟು ಬರುವವರೆಗೆ ಇನ್ನೆರಡು ಮಳೆಗಾಲ ನಾನು ಅಲ್ಲೇ ಇದ್ದೆ. ಅಷ್ಟು ದಿನಗಳಲ್ಲಿ ಒಂದು ಬಾತನ್ನೂ ನರಿ ಒಯ್ಯಲಿಲ್ಲ.